ಹುಲಿಯಾನ ಹೆಸರಿಗೆ ಒತ್ತಿದ ಹೆಬ್ಬೆಟ್ಟು

ಹುಲಿಯಾನ ಎರಡೂ ಕೈ ಮಣಿಕಟ್ಟಿನಿಂದ ಕೆಳಗೆ ಇಲ್ಲ. ಕಾರವಾರದ ಆಸ್ಪತ್ರೆಯಲ್ಲಿ ತಿಂಗಳು ಮಲಗಿ ಮನೆಗೆ ಬಂದಿದ್ದಾನೆ. ಅನ್ನ ಕಲಸಿ ಬಾಯಿಗಿಡುವವಳು ಹೆಂಡತಿ ಬೀರಿ. ಅವಳು ಕೂಲಿಗೆ ಹೋದರೆ ಅವನಿಗೆ ಮಧ್ಯಾಹ್ನದ ಊಟವಿಲ್ಲ, ಹೋಗದಿದ್ದರೆ ಇಬ್ಬರಿಗೂ ಇಲ್ಲ.

ನಾನು ಜಟ್ಟಿ. ಶೆಟಗೇರಿಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಬೇಲಿ. ರಾಮನಗುಳಿ ರಸ್ತೆಯ ಕಲ್ಲಿನ ಗಣಿಗೆ ಇಬ್ಬರೂ ಒಟ್ಟಿಗೇ ಸೇರಿದವರು.

ಅವತ್ತು ಬಂಡೆಗೆ ಹನ್ನೊಂದು ಕುಳಿ ಕೊರೆದು ಮದ್ದು ತುಂಬಿದ್ದರು. ಸಿಡಿದದ್ದು ಹತ್ತು. ಸದ್ದು ಎಣಿಸಬೇಕು, ಒಂದು ಕಡಿಮೆಯಾದರೂ ಯಾರೂ ಹತ್ತಿರ ಹೋಗಬಾರದು ಎಂಬುದು ನಿಯಮವಂತೆ. ನಮಗೆ ಇದು ತಿಳಿದದ್ದು ಹುಲಿಯಾನ ಕೈ ಹೋದ ಮೇಲೆ. ಲಾರಿ ಕಾಯುತ್ತಿದೆ ಎಂದು ಮ್ಯಾನೇಜರ್ ಸಾಯಿನಾಥ ಅವಸರ ಮಾಡಿದ. ಹುಲಿಯಾ ಇಳಿದ. ಕಲ್ಲಿನ ಸಂದಿಯಲ್ಲಿ ವಾಯರು ಕಂಡಿತು. ಎರಡೂ ಕೈಯಿಂದ ಎಳೆದ.

ಪರಿಹಾರ ಕೇಳಲು ಗಂಡ ಹೆಂಡತಿ ಗಣಿಯ ಆಫೀಸಿಗೆ ಹೋದರು. ಸಾಯಿನಾಥ ಒಂದು ಹಾಳೆ ತೋರಿಸಿದ. ಸುರಕ್ಷತಾ ತರಬೇತಿಯ ಹಾಜರಿ. ಹುಲಿಯಾನ ಹೆಸರು, ಅದರ ಮುಂದೆ ಹೆಬ್ಬೆಟ್ಟು. ಎಲ್ಲ ಕಲಿತೂ ತಪ್ಪು ಮಾಡಿದ್ದಾನೆ, ಕಂಪನಿಗೆ ಸಂಬಂಧವಿಲ್ಲ ಎಂದ. ಆ ದಿನ ನಾನು ಬಂದೇ ಇರಲಿಲ್ಲ ಎಂದು ಹುಲಿಯಾ ಅತ್ತ. ಹಾಗಾದರೆ ತಾಳೆ ನೋಡೋಣ, ಬೆರಳು ಕೊಡು ಎಂದನಂತೆ ಸಾಯಿನಾಥ. ಅವನ ಬಾಯಿಗೆ ಹುಳ ಬೀಳಲಿ.

ಆ ಹೆಬ್ಬೆಟ್ಟು ನನ್ನದು.

ನಮ್ಮಲ್ಲಿ ಮುಯ್ಯಾಳು ಉಂಟು. ನನ್ನ ಗದ್ದೆಗೆ ಒಂದು ದಿನ ಅವನು, ಅವನ ಗದ್ದೆಗೆ ಒಂದು ದಿನ ನಾನು. ತರಬೇತಿಯ ದಿನ ಅವನು ನನ್ನ ಗದ್ದೆಯಲ್ಲೇ ಸಸಿ ನೆಡುತ್ತಿದ್ದ. ಇತ್ತ ಗಣಿಯಲ್ಲಿ ಹಾಜರಿಗೆ ಅವನ ಹೆಸರು ಕೂಗಿದರು. ಅವನು ನನ್ನ ಕೆಲಸ ಮಾಡುತ್ತಿರುವಾಗ ಅವನದನ್ನು ನಾನು ಮಾಡಬೇಕಲ್ಲ ಎಂದುಕೊಂಡು ನನ್ನ ಹೆಸರಿಗೊಂದು, ಅವನ ಹೆಸರಿಗೊಂದು, ಎರಡು ಸಲ ಒತ್ತಿದೆ. ಶಾಯಿಯ ಡಬ್ಬಿ ಹಿಡಿದಿದ್ದ ಸಾಯಿನಾಥ ನೋಡಿಯೂ ಸುಮ್ಮನಿದ್ದ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ.

ಮೊನ್ನೆ ಗಣಿ ಸುರಕ್ಷತೆಯ ಸಾಹೇಬರು ವಿಚಾರಣೆಗೆ ಬಂದರು. ಹಿಂದಿನ ದಿನವೇ ಸಾಯಿನಾಥ ನನ್ನನ್ನು ಕರೆಸಿದ್ದ. ಬಾಯಿ ಬಿಟ್ಟರೆ ಮೋಸದ ಕೇಸು, ಮುಚ್ಚಿಕೊಂಡಿದ್ದರೆ ಮೇಸ್ತ್ರಿ ಕೆಲಸ ಎಂದ. ನನಗೂ ಹೆಂಡತಿ ಮಕ್ಕಳಿದ್ದಾರೆ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಶೆಡ್ಡಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಸಾಹೇಬರು ಹಾಜರಿ ಹಾಳೆ ನೋಡಿ ವರದಿ ಬರೆಯತೊಡಗಿದರು. ಹುಲಿಯಾ ಗೋಡೆಗೊರಗಿ ಕೂತಿದ್ದ, ಬೀರಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಮುಖದ ಮೇಲೆ ನೊಣ ಕೂತಿತ್ತು. ಓಡಿಸಲಾರದೆ ತಲೆ ಅಲ್ಲಾಡಿಸುತ್ತಿದ್ದ. ಅದನ್ನು ನೋಡಿ ಸಾಲು ಬಿಟ್ಟು ಮುಂದೆ ಬಂದೆ.

“ಒಡ್ಯಾ, ಅದು ನನ್ ಹೆಬ್ಬೆಟ್ಟು,” ಎಂದೆ. “ಅಂವ ಆ ದಿನ ನನ್ ಗದ್ದೆಲಿದ್ದ. ಜೈಲಿಗೆ ಹಾಕೂದಿದ್ರೆ ಹಾಕಿ. ಮೊದ್ಲು ತಾಳೆ ನೋಡಿ.”

ಇವನು ಕುಡಿದಿದ್ದಾನೆ ಎಂದು ಸಾಯಿನಾಥ ನಡುವೆ ಬಂದ. ಸಾಹೇಬರು ಶಾಯಿ ತರಿಸಿ ನನ್ನ ಹೆಬ್ಬೆಟ್ಟು ಒತ್ತಿಸಿದರು. ನನ್ನ ಹೆಬ್ಬೆಟ್ಟಿನ ಅಡ್ಡಕ್ಕೆ ಕತ್ತಿ ತಾಗಿದ ಗೆರೆಯಿದೆ. ಹುಲಿಯಾನ ಹೆಸರಿನ ಮುಂದೆಯೂ ಅದೇ ಗೆರೆ. ಸಾಹೇಬರು ಎರಡು ಗುರುತನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು. ತರಬೇತಿಗೆ ನೀನಾದರೂ ಬಂದಿದ್ದೆಯಲ್ಲ, ಏನು ಕಲಿಸಿದರು ಎಂದು ಕೇಳಿದರು. ಜಲ್ಲಿ ಹೊರುವ ಮಾದಿ ಹಿಂದಿನಿಂದ ಹೇಳಿದಳು:

“ತಲಿಗೆ ಟೊಪ್ಪಿ ಇಟ್ಟು ಫೋಟೋ ತೆಗ್ದ್ರು. ಟೊಪ್ಪಿ ತಿರ್ಗಿ ತಕಂಡ್ರು. ಚಾ ಕೊಟ್ರು. ಮತ್ತೆಂತಾ ಇಲ್ಲ ಒಡ್ಯಾ.”

ಸಾಹೇಬರು ಅದನ್ನೂ ಬರೆದುಕೊಂಡರು. ನನ್ನ ಕಡೆ ತಿರುಗಿ, ನಿನ್ನ ಮೇಲೂ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ಪರಿಹಾರ ಸಿಗುತ್ತದೆಯೇ ಎಂದು ಬೀರಿ ಕೇಳಿದ್ದಕ್ಕೆ, ಅದು ಮೇಲಿನವರು ನೋಡುತ್ತಾರೆ ಎಂದು ಜೀಪು ಹತ್ತಿದರು.

ಜೀಪು ಮರೆಯಾಗುವ ಮೊದಲೇ ಸಾಯಿನಾಥ ಸೀಟಿ ಊದಿದ. ಬೆಳಿಗ್ಗೆ ಮದ್ದು ಹೊಡೆದ ಗುಂಡಿಗೆ ಎಲ್ಲರೂ ಇಳಿಯಬೇಕು, ಜಟ್ಟಿಗೆ ಮಾತ್ರ ಇನ್ನು ಕೆಲಸವಿಲ್ಲ ಎಂದ. ಮಾದಿ ಬುಟ್ಟಿ ಕವುಚಿ ಅದರ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಹೆದರುವುದಕ್ಕೆ ಏನಿದೆ, ಗುಂಡಿಯಲ್ಲಿ ಅಪಾಯವೇ ಇಲ್ಲ ಎಂದು ಸಾಯಿನಾಥ ಕೂಗಾಡಿದ.

“ಹಂಗಾರೆ ನೀವು ಮುಂದೆ ಇಳೀರಿ,” ಎಂದಳು ಮಾದಿ. “ನಿಮ್ ಹಿಂದೆ ನಾವು ಬರ್ತೇವೆ.”

ನಲವತ್ತು ಜನ ಅವನನ್ನೇ ನೋಡುತ್ತಿದ್ದೆವು. ಸಾಯಿನಾಥ ಗುಂಡಿಯ ಅಂಚಿನ ತನಕ ಹೋದ. ಕೆಳಗೆ ಬಗ್ಗಿ ನೋಡಿದ. ಇಳಿಯಲಿಲ್ಲ.