ಬೆರಳು ನೋಡದ ಮೇಡಂ

ಒಂದೇ ಒಂದು ಸಲವನ್ನು ಬಿಟ್ಟರೆ, ಅವರು ತಮ್ಮ ಬೆರಳುಗಳನ್ನು ನೋಡಿಕೊಂಡದ್ದನ್ನು ನಾನು ಕಂಡವನಲ್ಲ. ಕೋಟಿನ ಗುಂಡಿ ಹಾಕುವಾಗ, ಬೀಗ ತೆಗೆಯುವಾಗ, ಹರಿತವಾದ ಚಾಕುವಿನಿಂದ ಸೇಬಿನ ಸಿಪ್ಪೆ ಸುಲಿಯುವಾಗ ಕೂಡ ಅವರ ದೃಷ್ಟಿ ಎದುರಿನ ಗೋಡೆಯ ಮೇಲೋ ಮಾತಾಡುತ್ತಿರುವವರ ಮುಖದ ಮೇಲೋ ನೆಟ್ಟಿರುತ್ತಿತ್ತು; ಕೈಗಳು ಕೆಳಗೆಲ್ಲೋ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಸೂಜಿಗೆ ದಾರ ಪೋಣಿಸುವುದೊಂದು ಮಾತ್ರ ನೋಡದೆ ಆಗುವ ಕೆಲಸವಲ್ಲವಾದ್ದರಿಂದ ಅದನ್ನು ತಂಗಿಗೆ ಬಿಟ್ಟಿದ್ದರು.

ಮೂವತ್ತೆರಡು ವರ್ಷ ಅವರು ಟೈಪಿಂಗ್ ಕಲಿಸಿದರು. ಕಲಿತವರಲ್ಲಿ ನಾನೂ ಒಬ್ಬ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಟಕಟಕ ಮೇಡಂ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದರು. ಬೂದು ಬಣ್ಣದ ಹತ್ತಿಯ ಕೋಟು, ಅದರ ಬಲಜೇಬಿನಲ್ಲಿ ನಾಲ್ಕು ಮಡಿಕೆಯ ಕಪ್ಪು ಬಟ್ಟೆಯ ತುಂಡು. ಯಾವ ವಿದ್ಯಾರ್ಥಿಯ ಕಣ್ಣು ಕೀಲಿಗಳ ಕಡೆಗೆ ಜಾರಿತೋ ಅವನ ಕೈಗಳ ಮೇಲೆ ಆ ಬಟ್ಟೆ ಬಂದು ಬೀಳುತ್ತಿತ್ತು. ನಡಿಗೆಯೂ ಯಂತ್ರದ್ದೇ: ಸಣ್ಣ, ಸಮನಾದ ಹೆಜ್ಜೆಗಳಲ್ಲಿ ಕೋಣೆಯ ಆ ತುದಿಯವರೆಗೆ ಹೋಗಿ, ಸಾಲು ಮುಗಿಯಿತೆಂಬಂತೆ ತಟ್ಟನೆ ತಿರುಗಿ ಮತ್ತೆ ಈ ತುದಿಯಿಂದ ಆರಂಭಿಸುತ್ತಿದ್ದರು. ಅವರ ಪಾಠವೆಲ್ಲ ಎರಡು ಮಾತು. ಮೊದಲನೆಯದು, ‘ಮುಟ್ಟು, ಬಿಡು. ಕಾದ ಹಂಚು ಮುಟ್ಟಿದ ಹಾಗೆ.’ ಎರಡನೆಯದು, ‘ಹೇಳಿದ್ದನ್ನ ಹೊಡಿ, ಹೇಳದ್ದನ್ನ ಹೊಡೀಬೇಡ.’

ಈ ಎರಡನೆಯ ಮಾತನ್ನು ಅವರು ಸುಮ್ಮನೆ ಹೇಳುತ್ತಿರಲಿಲ್ಲ, ಬದುಕಿ ತೋರಿಸಿದ್ದರು. ತಮ್ಮದೇ ಟೈಪಿಂಗ್ ಶಾಲೆ ತೆರೆಯುವ ಮುಂಚೆ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ, ಒಂದು ಬೆಳಿಗ್ಗೆ ಮ್ಯಾನೇಜರು ಕರೆದು ಪತ್ರವೊಂದನ್ನು ಹೇಳಿ ಬರೆಸಿದರಂತೆ. ಮೂರನೆಯ ಸಾಲಿಗೆ ಬರುವಾಗ ಅದು ಇವರನ್ನೇ ಕೆಲಸದಿಂದ ತೆಗೆಯುವ ಪತ್ರವೆಂದು ಗೊತ್ತಾಯಿತು. ಬೆರಳು ತಡವರಿಸಲಿಲ್ಲ. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದು, ಕೆಳಗೆ ಎಡಮೂಲೆಯಲ್ಲಿ ಓರೆಗೀಟಿನ ಆಚೆ ಟೈಪಿಸ್ಟರು ಹಾಕುವ ತಮ್ಮ ಹೆಸರಿನ ಎರಡು ಸಣ್ಣ ಅಕ್ಷರಗಳನ್ನೂ ಹಾಕಿ, ಸಹಿಗೆ ಇಟ್ಟು ಬಂದರು. ‘ಒಂದು ತಪ್ಪಿರಲಿಲ್ಲ ಕಣಯ್ಯ ಅದರಲ್ಲಿ’ ಎಂದು ನನಗೆ ಹೇಳುವಾಗ ಅವರ ದನಿಯಲ್ಲಿ ಅಭಿಮಾನವಿತ್ತು. ಅದನ್ನು ಕೇಳುತ್ತಿದ್ದ ತಂಗಿ, ‘ನಾಳೆ ಯಮ ಬಂದು ಹೇಳಿ ಬರೆಸಿದ್ರೂ ಇವಳು ಮೂರು ಪ್ರತಿ ತೆಗೀತಾಳೆ’ ಎಂದು ಕಿಸಕ್ಕನೆ ನಕ್ಕಿದ್ದರು.

ತಂಗಿಯನ್ನು ಅವರು ಪುಟ್ಟಿ ಎಂದು ಕರೆಯುತ್ತಿದ್ದರು, ಪುಟ್ಟಿಗೆ ಐವತ್ತೆರಡು ತುಂಬಿದಾಗಲೂ. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ದನಿ ಎಂದರೆ ಅಂಥ ದನಿ. ‘ಸ್ವಲ್ಪ ಇರಿ, ಕೊಡ್ತೀನಿ’ ಎಂದರೆ ಆ ಕಡೆ ಪ್ರಾಣ ಹೋಗುತ್ತಿರುವವರೂ ಸ್ವಲ್ಪ ಇರುತ್ತಿದ್ದರೇನೋ. ಮದುವೆಯಾಗದ ಅಕ್ಕ ತಂಗಿಯರಿಬ್ಬರೂ ಶಾಲೆಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಅಕ್ಕ ಬೆರಳಿನಿಂದ ದುಡಿದವರು, ತಂಗಿ ನಾಲಿಗೆಯಿಂದ.

ಟೈಪ್‌ರೈಟರುಗಳು ಮೂಲೆ ಸೇರಿ ಶಾಲೆ ಮುಚ್ಚಿದ ಮೇಲೆ ಉಳಿದದ್ದು ಒಂದು ಕಂಪ್ಯೂಟರ್. ಅದನ್ನು ಮೇಲಕ್ಕೆ ಒಯ್ದು ತಂಗಿ ಒಂದು ಆಟ ಹಾಕಿಕೊಂಡರು. ಹಾಳುಬಿದ್ದ ರಾಜ್ಯದಲ್ಲಿ ಒಬ್ಬ ಅಲೆಮಾರಿ ಯೋಧೆ. ಕತ್ತಿ, ಗುರಾಣಿ, ಎರಡು ಸೀಸೆ ಔಷಧಿ. ಕಾಡು ಬೆಟ್ಟ ದಾಟಿ ಕಡಲು ಸೇರಬೇಕು. ಶುರುವಿನಲ್ಲಿ ಆಟ ಯೋಧೆಯ ಹೆಸರು ಕೇಳುತ್ತದೆ, ಪುಟ್ಟಿ ಎಂದೇ ಕೊಟ್ಟಿದ್ದರು. ನಾಲ್ಕು ವರ್ಷದಲ್ಲಿ ಆ ಪುಟ್ಟಿ ಕೊನೆಯ ಸೇತುವೆಯವರೆಗೆ ಬಂದಿದ್ದಳು. ಸೇತುವೆಯ ನಡುವೆ ಕಲ್ಲಿನ ಕಾವಲುಗಾರನೊಬ್ಬ ಗದೆ ಹಿಡಿದು ನಿಂತಿದ್ದ. ಅವನ ಹಿಂದೆ ಮಂಜು, ಮಂಜಿನ ಹಿಂದೆ ಕಡಲು. ಅವನ ಕೈಯಲ್ಲಿ ಸತ್ತಷ್ಟು ಸಲವೂ ಸೇತುವೆಯ ಈಚೆ ತುದಿಯ ದೀಪದ ಕಂಬದ ಬಳಿ ಮತ್ತೆ ಹುಟ್ಟಿ ಬರಬಹುದು. ಆಟದಲ್ಲಿ ಆಯುಸ್ಸಿಗೆ ಬರವಿಲ್ಲ. ಅಕ್ಕನಿಗೆ ಇದೆಲ್ಲ ಕೆಲಸಕ್ಕೆ ಬಾರದ ಹುಡುಗಾಟ. ‘ಕೀಬೋರ್ಡಿನ ಮೇಲೆ ಒಂದು ವಾಕ್ಯ ಹುಟ್ಟಲ್ಲ, ಬರೀ ಸದ್ದು’ ಎಂದು ಗೊಣಗುತ್ತ ಪತ್ರಿಕೆ ಓದುತ್ತಿದ್ದರು.

ಆಮೇಲೆ ತಂಗಿಗೆ ಕಾಯಿಲೆ ಬಂತು. ನರಗಳ ಕಾಯಿಲೆ; ಮೊದಲು ಬೆರಳು, ಆಮೇಲೆ ತೋಳು, ಆಮೇಲೆ ಕಾಲು, ಆಮೇಲೆ ಮಾತು, ಕೊನೆಗೆ ಉಸಿರು ಎಂದು ಡಾಕ್ಟರು ದಾರಿಯ ನಿಲ್ದಾಣಗಳನ್ನು ಹೇಳುವಂತೆ ಹೇಳಿದ್ದರು. ಕೈ ಎರಡೂ ತೊಡೆಯ ಮೇಲೆ ಸತ್ತು ಬಿದ್ದ ದಿನ ತಂಗಿ ಅತ್ತರೆಂದು ಮೇಡಂ ಹೇಳಲಿಲ್ಲ, ಆದರೆ ಅತ್ತಿರಲೇಬೇಕು. ಮರುದಿನ ಮಾತ್ರ ಹೀಗೆಂದರಂತೆ: ‘ಅಕ್ಕಾ, ನಿನ್ನ ಕೈ ಕೊಡು. ನಾನು ಡಿಕ್ಟೇಷನ್ ಕೊಡ್ತೀನಿ. ಮಾತು ಹೋಗೋಕೆ ಮುಂಚೆ ಆ ಕಡಲು ನೋಡ್ಬೇಕು ನಾನು.’

ಅಂದಿನಿಂದ ಶನಿವಾರದ ಮಧ್ಯಾಹ್ನಗಳಲ್ಲಿ ನಾನೂ ಅಲ್ಲಿರುತ್ತಿದ್ದೆ. ಮಂಚವನ್ನು ಮೇಜಿನ ಪಕ್ಕಕ್ಕೆ ಎಳೆದು, ತಲೆ ನಿಲ್ಲುವಂತೆ ದಿಂಬು ಜೋಡಿಸಲು ಇನ್ನೊಬ್ಬರು ಬೇಕಿತ್ತು. ಟಕಟಕ ಮೇಡಂ ವಿದ್ಯಾರ್ಥಿಯಾದದ್ದನ್ನು ನೋಡುವ ಭಾಗ್ಯ ನಮ್ಮ ತರಗತಿಯಲ್ಲಿ ನನಗೊಬ್ಬನಿಗೇ ಸಿಕ್ಕಿತು.

ಆಟದ ಲೋಕದಲ್ಲಿ ಡಬ್ಲ್ಯೂ ಎಂದರೆ ಮುಂದೆ, ಎಸ್ ಎಂದರೆ ಹಿಂದೆ, ಎ ಎಡಕ್ಕೆ, ಡಿ ಬಲಕ್ಕೆ. ಮೌಸ್ ತಿರುಗಿಸಿದರೆ ಯೋಧೆಯ ನೋಟ ತಿರುಗುತ್ತದೆ. ಅದರ ಎಡಗುಂಡಿ ಕತ್ತಿ, ಬಲಗುಂಡಿ ಗುರಾಣಿ. ಉದ್ದದ ಕೀಲಿ ಒತ್ತಿದರೆ ಪಕ್ಕಕ್ಕೆ ಉರುಳುತ್ತಾಳೆ. ಜಗತ್ತಿನ ಮಕ್ಕಳೆಲ್ಲ ಇದಕ್ಕಾಗಿ ಎಡಗೈಯನ್ನು ಒಂದು ಮನೆ, ಅಂದರೆ ಒಂದು ಕೀಲಿಯಷ್ಟು, ಎಡಕ್ಕೆ ಸರಿಸಿಕೊಳ್ಳುತ್ತಾರೆ. ಮೇಡಂ ಜಪ್ಪಯ್ಯ ಅಂದರೂ ಸರಿಸಲಿಲ್ಲ.

‘ಒಂದು ಮನೆ ಪಕ್ಕಕ್ಕೆ ಅಕ್ಕಾ.’

‘ಆಗಲ್ಲ. ಕಿರುಬೆರಳಿನ ಜಾಗ ಕಿರುಬೆರಳಿನದು.’

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ತಂಗಿ ನನ್ನ ಕಡೆ ನೋಡಿದರು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಕಾದ ಹಂಚು ಮುಟ್ಟಿದ ಹಾಗೆ ಮುಟ್ಟಿ ಬಿಡುವ ಆ ಬೆರಳುಗಳಿಗೆ ಒತ್ತಿ ಹಿಡಿಯುವುದೇ ತಿಳಿಯದು. ಆಟದಲ್ಲಾದರೋ ಒತ್ತಿ ಹಿಡಿದರಷ್ಟೇ ನಡಿಗೆ. ಅಕ್ಕನ ಕೈಯಲ್ಲಿ ಯೋಧೆ ಒಂದು ಗೇಣು ನಡೆದು ನಿಲ್ಲುವಳು, ಇನ್ನೊಂದು ಗೇಣು, ಮತ್ತೆ ನಿಲ್ಲುವಳು. ನಾಲ್ಕು ವರ್ಷ ಸಿಂಹಿಣಿಯಂತೆ ಓಡಿದವಳು ಈಗ ಆಪರೇಷನ್ ಆದ ರೋಗಿಯ ಹಾಗೆ ಗೋಡೆ ಹಿಡಿದು ನಡೆಯುವಂತೆ ಕಾಣುತ್ತಿದ್ದಳು. ಗುರಾಣಿಯೂ ಹಾಗೆಯೇ, ಎತ್ತಿದ ಮರುಕ್ಷಣ ಇಳಿಯುತ್ತಿತ್ತು, ಇಳಿದಾಗ ಗದೆ ಬೀಳುತ್ತಿತ್ತು. ಕಂಪ್ಯೂಟರಿನ ತೆರೆ ಕಪ್ಪಾಗಿ ‘ನೀವು ಮಡಿದಿರಿ’ ಎಂಬ ಕೆಂಪು ಅಕ್ಷರ ಮೊದಲ ಸಲ ಮೂಡಿದಾಗ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ‘ಸತ್ತದ್ದು ನಾನು, ನಿನಗ್ಯಾಕೆ ಗಾಬರಿ? ಕೂತ್ಕೋ’ ಎಂದು ತಂಗಿ ನಕ್ಕರು. ನಾನೂ ನಕ್ಕೆ. ಮೇಡಂ ಮಾತ್ರ ತಂಗಿಯ ಎದೆ ಏರಿ ಇಳಿಯುವುದನ್ನು ಒಂದು ಗಳಿಗೆ ನೋಡಿ ಆಮೇಲೆ ಕೂತರು.

ತಿಂಗಳುಗಳು ಹೋದವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಈ ಮರ ಒಂದಿಷ್ಟು ಬಗ್ಗಿತು. ‘ಮುಂದೆ, ಮುಂದೆ, ಗುರಾಣಿ, ಉರುಳು, ಹೊಡಿ’ ಎಂದು ತಂಗಿ ಹೇಳುವುದು, ಆ ಮಾತು ಪೂರ್ತಿ ಬಾಯಿಂದ ಬೀಳುವ ಮೊದಲೇ ಅಕ್ಕನ ಬೆರಳು ಇಳಿಯುವುದು. ಅಂಥ ಹೊಂದಾಣಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಹೇಳದೆ ಒಂದು ಹೆಜ್ಜೆಯೂ ಇಲ್ಲ. ತೆರೆಯ ಮೇಲೆ ಹಾವೊಂದು ನೇರ ಎದುರಿಗೆ ಬಂದರೂ, ತಂಗಿ ಕೆಮ್ಮುತ್ತಿದ್ದರೆ ಕೆಮ್ಮು ಮುಗಿಯುವವರೆಗೆ ಅಕ್ಕ ಕಾಯುತ್ತಿದ್ದರು, ಯೋಧೆ ಕಚ್ಚಿಸಿಕೊಳ್ಳುತ್ತಿದ್ದಳು. ‘ಕಂಡ್ರೆ ಹೊಡಿಯೋದಲ್ವಾ ಮೇಡಂ?’ ಎಂದು ನಾನು ಕೇಳಿದ್ದುಂಟು. ‘ಆಟ ಅವಳದು ಕಣಯ್ಯ. ನಾನು ನನ್ನ ಬುದ್ಧಿ ಸೇರಿಸಿದ್ರೆ ಅದು ಅವಳ ಆಟ ಹೇಗಾಗತ್ತೆ?’

 

ಇತ್ತ ದನಿ ಕರಗುತ್ತ ಬಂತು. ವಾಕ್ಯಗಳು ಪದಗಳಾದವು, ಪದಗಳು ತೊದಲಾದವು. ಕೊನೆಯದಾಗಿ ನನಗೆ ಪೂರ್ತಿ ಅರ್ಥವಾದ ಮಾತು ಗುರಾಣಿಯನ್ನು ಕುರಿತದ್ದು, ‘ಒತ್ತಿ ಹಿಡ್ಕೋ ಅಕ್ಕಾ, ಬಿಡ್ಬೇಡ.’ ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಗಿಡ್ಡನೆಯ ಹೂಂಕಾರ ಬಂದರೆ ಕತ್ತಿ, ನೀಳವಾದದ್ದು ಬಂದರೆ ಗುರಾಣಿ.

ಕೊನೆಯ ಶನಿವಾರ ಕಾವಲುಗಾರ ಬಹಳ ಸೋತಿದ್ದ. ಅವನ ತಲೆಯ ಮೇಲಿನ ಕೆಂಪು ಗೆರೆ, ಅದೇ ಅವನ ಜೀವ, ಉಗುರಿನಷ್ಟು ಉಳಿದಿತ್ತು. ಇನ್ನೊಂದು ಏಟು ಸಾಕು. ಅವನು ಗದೆಯನ್ನು ಎರಡೂ ಕೈಯಲ್ಲಿ ನಿಧಾನವಾಗಿ ಎತ್ತಿದ. ಆ ಏಟು ಹೇಗೆ ಬೀಳುತ್ತದೆ, ಯಾವಾಗ ಗುರಾಣಿ ಎತ್ತಬೇಕು ಎಂಬುದು ನನಗೂ ಬಾಯಿಪಾಠವಾಗಿತ್ತು. ಮೇಡಂ ತೆರೆಯನ್ನೇ ನೋಡುತ್ತ ಕಿವಿಗೊಟ್ಟು ಕೂತಿದ್ದರು. ನಾನು ಮಂಚದ ಕಡೆ ತಿರುಗಿದೆ. ತಂಗಿಯ ಬಾಯಿ ತೆರೆದಿತ್ತು, ಕತ್ತಿನ ನರಗಳು ಬಿಗಿದಿದ್ದವು, ಕಣ್ಣು ಗದೆಯ ಮೇಲಿತ್ತು, ದನಿ ಮಾತ್ರ ಹೊರಡಲಿಲ್ಲ. ಬರೀ ಗಾಳಿ ಬಂತು. ಮೇಡಂ ಬೆರಳು ಗುಂಡಿಯ ಮೇಲೆಯೇ ಇತ್ತು, ಕಾಯುತ್ತಿತ್ತು. ಗದೆ ಬಿತ್ತು.

‘ಇನ್ನೊಂದ್ಸಲ ಮಾಡೋಣ ಪುಟ್ಟಿ’ ಎಂದು ಮೇಡಂ ತಿರುಗಿದರು. ತಂಗಿ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು ಎಂದು ನಾನು ಸಾವಿರ ಸಲ ಹೇಳಿಕೊಂಡಿದ್ದೇನೆ. ಸೋಮವಾರ ಆಸ್ಪತ್ರೆಗೆ ಸೇರಿಸಿದೆವು. ಗುರುವಾರ ಎಲ್ಲ ಮುಗಿಯಿತು.

ಮನೆಯ ಮೆಟ್ಟಿಲ ಮೇಲೆ ಕೂತು, ಕೋಟಿನ ಜೇಬಿನಲ್ಲಿ ಆ ಕಪ್ಪು ಬಟ್ಟೆಯನ್ನು ಹಿಸುಕುತ್ತ ಮೇಡಂ ನನಗೆ ಹೇಳಿದರು: ‘ನನಗೆ ಗೊತ್ತಿತ್ತು ಕಣಯ್ಯ. ಗುರಾಣಿ ಎತ್ಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೇಳ್ಲಿ ಅಂತ ಕಾದೆ.’ ಮತ್ತೆ, ‘ಒಂದು ಸಲ ತಿರುಗಿ ಅವಳ ಮುಖ ನೋಡಿದ್ರೆ ಸಾಕಿತ್ತಲ್ಲ.’ ಅವರು ಅತ್ತದ್ದನ್ನು ಅಂದು ನೋಡಿದೆ.

ಮೂರು ತಿಂಗಳ ನಂತರ ಅವರಿಂದ ಒಂದು ಚೀಟಿ ಬಂತು, ಮೂಲೆಯಲ್ಲಿದ್ದ ಹಳೆಯ ಯಂತ್ರದಲ್ಲಿ ಹೊಡೆದದ್ದು, ಒಂದು ತಪ್ಪಿಲ್ಲದ್ದು: ‘ಶನಿವಾರ ನಾಲ್ಕು ಗಂಟೆಗೆ ತಪ್ಪದೆ ಬರುವುದು.’

ಹೋದೆ. ಮಂಚ ಮೇಜಿನ ಪಕ್ಕದಲ್ಲೇ ಇತ್ತು, ಮೇಲೆ ಮಡಿಸಿದ ಹೊದಿಕೆ. ತೆರೆಯ ಮೇಲೆ ದೀಪದ ಕಂಬದ ಬಳಿ ಪುಟ್ಟಿ ನಿಂತಿದ್ದಳು. ಮೇಡಂ ಕೋಟು ತೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯನ್ನು ಕೀಲಿಗಳ ಮೇಲಿಟ್ಟರು. ಆಗ ಆ ಒಂದೇ ಒಂದು ಸಲ, ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡಿದರು. ಪರರ ಬೆರಳುಗಳನ್ನು ನೋಡುವ ಹಾಗೆ ನೋಡಿ, ಕೈಯನ್ನು ಒಂದು ಮನೆ ಎಡಕ್ಕೆ ಸರಿಸಿದರು.

ಹೇಳುವವರು ಯಾರೂ ಇರಲಿಲ್ಲ. ಕೋಣೆಯಲ್ಲಿ ಕೀಲಿಗಳ ಸದ್ದೂ ಹೆಚ್ಚು ಇರಲಿಲ್ಲ, ಏಕೆಂದರೆ ಈಗ ಅವರು ಮುಟ್ಟಿ ಬಿಡುತ್ತಿರಲಿಲ್ಲ, ಒತ್ತಿ ಹಿಡಿಯುತ್ತಿದ್ದರು. ಗದೆ ಎದ್ದಿತು, ಗುರಾಣಿ ಎದ್ದು ನಿಂತಿತು, ಇಳಿಯಲಿಲ್ಲ. ಕಾವಲುಗಾರ ಉರುಳಿದ. ಯೋಧೆ ಸೇತುವೆ ದಾಟಿದಳು, ಮಂಜು ಹರಿಯಿತು, ಕಡಲು ಬಂತು. ಹೇಳಿಕೊಳ್ಳುವಂಥ ಕಡಲೇನಲ್ಲ, ಬೂದು ನೀರು, ಒಂದಿಷ್ಟು ಅಲೆ, ದೂರದಲ್ಲಿ ಎರಡು ಹಕ್ಕಿ. ನೀರಿನಂಚಿಗೆ ಆಟದ ದಾರಿ ಮುಗಿಯುತ್ತದೆ. ಆದರೂ ಅವಳು ನಿಲ್ಲಲಿಲ್ಲ. ಮುಂದೆ ಹೋಗಲಾಗದೆ, ನಿಂತಲ್ಲೇ ಕಾಲೆತ್ತಿ ಕಾಲಿಡುತ್ತ ನಡೆಯುತ್ತಲೇ ಇದ್ದಳು. ಮೇಡಂ ಬೆರಳು ಡಬ್ಲ್ಯೂ ಕೀಲಿಯ ಮೇಲಿತ್ತು, ಉಗುರು ಬಿಳಿಚಿಕೊಂಡಿತ್ತು. ಈ ಸಲ ಅವರು ತೆರೆಯನ್ನು ನೋಡುತ್ತಿರಲಿಲ್ಲ, ಮಂಚದ ಕಡೆ ಮುಖ ಮಾಡಿ ಕೂತಿದ್ದರು.

‘ಮೇಡಂ, ದಾರಿ ಮುಗೀತು. ಕೈ ಬಿಡಿ’ ಎಂದೆ.

‘ಒತ್ತಿ ಹಿಡ್ಕೋ ಅಂದಿದ್ಲು ಕಣಯ್ಯ. ಬಿಡು ಅಂತ ಅವಳು ಹೇಳೇ ಇಲ್ಲ.’

ಪರರ ಮಾತಿಗೆ ಬೆರಳು ಕೊಟ್ಟು ಬದುಕಿದವರನ್ನು ಲೋಕ ಯಂತ್ರವೆಂದು ಬಗೆಯುತ್ತದೆ, ಅವರಿಗೆ ಸ್ವಂತದ ಮನಸ್ಸಿಲ್ಲವೆಂದು ತಿಳಿಯುತ್ತದೆ. ಪತ್ರದ ಕೆಳಗೆ ಸಹಿ ಬೇರೆಯವರದು. ಇವರದೇನಿದ್ದರೂ ಎಡಮೂಲೆಯಲ್ಲಿ, ಓರೆಗೀಟಿನ ಆಚೆ, ಯಾರೂ ಓದದ ಆ ಎರಡು ಸಣ್ಣ ಅಕ್ಷರ. ತನ್ನದನ್ನು ಸೇರಿಸದೆ ಇರುವುದೇ ಇವರು ಕೊಡಬಲ್ಲ ದೊಡ್ಡ ಗೌರವ, ಅದೇ ಇವರ ಪ್ರೀತಿ. ಹೇಳುವ ಬಾಯಿ ಬಿದ್ದುಹೋದ ಗಳಿಗೆಯಲ್ಲಿ ಅದೇ ಇವರ ತಪ್ಪೂ ಆಗಿಬಿಡುತ್ತದೆ. ಆ ತಪ್ಪನ್ನು ಅವರು ಯಾರ ಮೇಲೂ ಹೊರಿಸುವುದಿಲ್ಲ. ಹೇಳಿಸಿಕೊಂಡ ಕೊನೆಯ ಮಾತನ್ನು ಮಾತ್ರ, ಹೇಳಿದವರು ಹೋದ ಮೇಲೂ, ಹೇಳಿದ ಹಾಗೆಯೇ ನಡೆಸುತ್ತ ಕೂತಿರುತ್ತಾರೆ.