ಸೊಟ್ಟ ಮೂತಿಯ ಸ್ಪಾರ್ವಿಯೆರಿ

ಇಟಲಿಯ ಮೊದೆನಾದಲ್ಲಿ ಎರ್ಮೆಸ್ ಮಲಗೋಲಿಯಷ್ಟು ಶಾಪ ತಿಂದವನು ಇನ್ನೊಬ್ಬನಿಲ್ಲ. ಹಳೇ ರೇಸು ಕಾರು ಮಾರಾಟಕ್ಕೆ ಬಂತೆಂದರೆ ಅದು ಅಸಲಿಯೋ ನಕಲಿಯೋ ಎಂದು ಹೇಳಲು ಅವನೇ ಬರಬೇಕು. ಬಂದು ‘ಅಲ್ಲ’ ಎಂದನೋ, ಮುಗಿಯಿತು. ಸಾಕ್ಷಾತ್ ಪೋಪ್ ಬಂದು ತೀರ್ಥ ಚಿಮುಕಿಸಿದರೂ ಆ ಕಾರು ಮತ್ತೆ ಅಸಲಿಯಾಗದು. ಪಾರ್ಮಾದ ಜಮೀನ್ದಾರನೊಬ್ಬ ಅವನ ‘ಅಲ್ಲ’ ಕೇಳಿ ಹಾಸಿಗೆ ಹಿಡಿದವನು ಇವತ್ತಿಗೂ ಎದ್ದಿಲ್ಲ. ಎರ್ಮೆಸ್ ಕಾಫಿ ಅಂಗಡಿಗೆ ಕಾಲಿಟ್ಟರೆ ಜನರಿರಲಿ, ಕುರ್ಚಿಗಳೇ ಎದ್ದು ಹೋಗುತ್ತಿದ್ದವು.

ಆಕಾಶಕ್ಕಿಂತ ಕಾರುಗಳ ಹೊಟ್ಟೆಯನ್ನೇ ಹೆಚ್ಚು ನೋಡಿದ ಜೀವ ಅದು. ಎಪ್ಪತ್ತು ದಾಟಿದ ಮೇಲೆ ಮಂಡಿಗೂ ಸಾಕಾಗಿತ್ತು, ನಾಲಿಗೆಗೂ ಸಾಕಾಗಿತ್ತು. ಕೂತು ಉಣ್ಣಲು ಅವನಿಗೆ ಉಳಿದಿದ್ದು ಒಂದೇ ಮೇಜು, ಡೆಲ್ಮಿನಾಳದು. ಅವಳ ಗಂಡ ನೇವಿಯೋ, ಸ್ಪಾರ್ವಿಯೆರಿ ರೇಸು ಕಾರಿನ ಕಾರ್ಖಾನೆಯಲ್ಲಿ ತಗಡು ಬಡಿಯುತ್ತಿದ್ದವನು, ಎರ್ಮೆಸನ ಜೀವದ ಗೆಳೆಯ. ಅವನು ಸತ್ತ ಮೇಲೂ ಪ್ರತಿ ಭಾನುವಾರ ಡೆಲ್ಮಿನಾ ಹುಂಜದ ಸಾರಿನಲ್ಲಿ ಟೊರ್ಟೆಲ್ಲಿನಿ ಎಂಬ ಪುಟ್ಟ ಕಡುಬು ಬೇಯಿಸಿ ಎರ್ಮೆಸನಿಗೆ ತಟ್ಟೆ ಇಡುತ್ತಿದ್ದಳು. ಆ ಸಾರಿನ ಘಮಕ್ಕೆ ಚರ್ಚಿನಲ್ಲಿ ಪಾದ್ರಿಯ ಪ್ರವಚನವೇ ತೊದಲುತ್ತಿತ್ತು.

ಈ ಭಾನುವಾರ ಅವಳು ಬಾಗಿಲಲ್ಲೇ ನಿಂತಿದ್ದಳು.

“ನಮ್ಮನೆಯವ್ರ ಕಾರು ಮಾರ್ತಿದೀನಿ ಕಣೋ,” ಎಂದಳು. “ಶೆಡ್ಡಿನ ಮಾಡು ಯಾವತ್ತು ತಲೆ ಮೇಲೆ ಬೀಳತ್ತೋ ಗೊತ್ತಿಲ್ಲ. ಸ್ವಿಸ್ ಸಾಹುಕಾರ ಒಬ್ಬ ಸಿಕ್ಕಿದಾನೆ, ಬ್ಯೂಲರ್ ಅಂತ. ಮಧ್ಯಾಹ್ನ ಫೋನ್ ಮಾಡ್ತಾನಂತೆ. ಮಲಗೋಲಿ ಅಸಲಿ ಅಂದ್ರೆ ಕಣ್ಮುಚ್ಚಿ ತಗೋತೀನಿ ಅಂದಿದಾನೆ.”

“ಬೇರೆ ಯಾರೂ ಸಿಗಲಿಲ್ವಾ ನಿಂಗೆ?”

“ನಿನ್ನ ಮಾತು ಬಿಟ್ಟು ಬೇರೆ ಯಾರದ್ದೂ ಬೇಡ್ವಂತೆ. ಒಳ್ಳೆ ಹೆಸರು ಸಂಪಾದಿಸಿದೀಯ, ಅನುಭವಿಸು.”

ಎರ್ಮೆಸ್ ಅವಳ ಹೆಗಲಾಚೆ ಮೇಜಿನತ್ತ ನೋಡಿದ. ಇಲ್ಲಿ ‘ಅಲ್ಲ’ ಎನ್ನಬೇಕಾಗಿ ಬಂದರೆ ಈ ಮೇಜೂ ಹೋಯಿತು.

ಶೆಡ್ಡಿನಲ್ಲಿ ಕೆಂಪು ಸ್ಪಾರ್ವಿಯೆರಿ ಹೊದಿಕೆ ತೆಗೆಸಿಕೊಂಡು ನಿಂತಿತ್ತು. ಎರ್ಮೆಸ್ ಚಾಪೆ ಹಾಸಿ, ಒಂದೊಂದೇ ಮಂಡಿ ಊರಿ, ನರಳುತ್ತ ಅಡಿಗೆ ಸರಿದ. ಚಾಸಿ ಚೌಕಟ್ಟಿನ ಮೇಲೆ ಹೊಡೆದ ನಂಬರು ನೋಡಿದ. ಅದರಲ್ಲಿನ ಏಳರ ಕಾಲು ಕುಂಟುತ್ತಿತ್ತು. ಆ ಕಾರ್ಖಾನೆಯ ಅಚ್ಚಿಗೇ ಇದ್ದ ಕುಂಟು ಅದು. ಕಳ್ಳರು ಕೆತ್ತಿದ ಏಳು ಯಾವಾಗಲೂ ನೆಟ್ಟಗೆ ನಿಲ್ಲುತ್ತದೆ. ಬೆಸುಗೆ ಮೂಸಿದ. ಎಂಜಿನ್ನಿಗೆ ಕಿವಿ ಕೊಟ್ಟ. ಎಲ್ಲವೂ ಅಸಲಿ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಒಂದು ‘ಹೌದು’ ಬೆಲ್ಲದ ಹಾಗೆ ಕರಗತೊಡಗಿತು.

ಉಳಿದಿದ್ದು ಮೂತಿ. ಸ್ಪಾರ್ವಿಯೆರಿಯಲ್ಲಿ ಕಾರಿನ ಒಂದೊಂದು ಮಗ್ಗುಲನ್ನು ಒಬ್ಬೊಬ್ಬನಿಗೆ ಕೊಡುತ್ತಿದ್ದರು. ಎಡ ನೇವಿಯೋದು, ಬಲ ಒರೆಸ್ತೆ ಎಂಬವನದು. ಇಬ್ಬರೂ ಹಾವು ಮುಂಗುಸಿ. ಒಬ್ಬ ಬಡಿದದ್ದನ್ನು ಇನ್ನೊಬ್ಬ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೀಗಾಗಿ ಅಸಲಿ ಸ್ಪಾರ್ವಿಯೆರಿ ಎಂದರೆ ಸೊಟ್ಟ ಮೂತಿ, ತುಟಿ ಕೊಂಚವೇ ವಾರೆಯಾದ ನಗುವಿನ ಹಾಗೆ, ಪಳಗಿದ ಅಂಗೈಗೆ ಮಾತ್ರ ಸಿಗುವಂಥದ್ದು. ಆ ಸೊಟ್ಟಕ್ಕೇ ಲೋಕದ ಸಾಹುಕಾರರು ಪ್ರಾಣ ಬಿಡುತ್ತಿದ್ದರು.

ಎರ್ಮೆಸ್ ಕಣ್ಣು ಮುಚ್ಚಿ ಎಡ ಮಡ್‌ಗಾರ್ಡಿನ ಮೇಲೆ ಅಂಗೈ ಎಳೆದ. ಸುತ್ತು ಬಂದು ಬಲದ ಮೇಲೆ ಎಳೆದ. ಮತ್ತೆ ಎಡ. ಮತ್ತೆ ಬಲ. ಅವಳಿಜವಳಿ. ಬಲ ಮಡ್‌ಗಾರ್ಡಿನ ಒಳಗೆ ಬೆರಳು ತೂರಿಸಿದ. ಒರೆಸ್ತೆಯ ಸುತ್ತಿಗೆ ಏಟು ಎಮ್ಮೆ ಹೆಜ್ಜೆಯಷ್ಟು ಅಗಲ. ಇಲ್ಲಿದ್ದದ್ದು ಮೀನಿನ ಹುರುಪೆಯಂಥ ಸಣ್ಣ ಏಟು, ನೇವಿಯೋದು.

“ಡೆಲ್ಮಿನಾ, ಈ ಬಲಗಡೆ ಯಾರು ಮುಟ್ಟಿದ್ದು?”

ಅವಳ ಮುಖ ಅರಳಿತು. “ಕೈಗೆ ಗೊತ್ತಾಯ್ತಾ? ಒರೆಸ್ತೆ ಸತ್ತ ವರ್ಷ ನಮ್ಮನೆಯವ್ರು ಶುರು ಮಾಡಿದ್ರು. ಆ ದರಿದ್ರದವನ ಕೆಲಸ ನನ್ನ ಮನೇಲಿ ಯಾಕಿರ್ಬೇಕು ಅಂತ ಅಷ್ಟೂ ಕಿತ್ತು ಎಸೆದು, ನಾಲ್ಕು ಚಳಿಗಾಲ ಕೂತು ತಾವೇ ಬಡಿದ್ರು. ಕನ್ನಡೀಲಿ ನೋಡ್ದಂಗಿದೆ ನೋಡು. ಫ್ಯಾಕ್ಟರಿಯವ್ರಿಗೇ ಬಂದಿಲ್ಲ ಇಂಥಾದ್ದು.”

“ಬಂದಿಲ್ಲ,” ಎಂದ ಎರ್ಮೆಸ್. “ಅದೇ ತೊಂದ್ರೆ.”

“ಯಾಕೆ?”

“ಸಾಹುಕಾರರಿಗೆ ಒರೆಸ್ತೆಯ ಕೆಟ್ಟ ಕೆಲಸ ಬೇಕು ಕಣೇ. ಇದು ಆಮೇಲೆ ಮಾಡಿದ್ದು.”

“ಮಾಡಿದ್ದು ಅದೇ ಕೈಯಲ್ವೇನೋ?”

“ಕೈ ಅದೇ. ಕಾಲ ಬೇರೆ.”

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. “ಇದು ನಿಂಗೆ ಬಿಟ್ರೆ ಇನ್ಯಾರಿಗೆ ಗೊತ್ತಾಗತ್ತೆ?”

“ಯಾರಿಗೂ ಗೊತ್ತಾಗಲ್ಲ.” ಅದು ಜಂಭವಲ್ಲ. ಆಲ್ಪ್ಸ್ ಪರ್ವತದ ಈಚೆಗೂ ಆಚೆಗೂ ಅಂಥ ಇನ್ನೊಂದು ಅಂಗೈ ಇರಲಿಲ್ಲ.

“ಸರಿ ಮತ್ತೆ,” ಎಂದು ಡೆಲ್ಮಿನಾ ಸಾರು ಕದಡಲು ಹೋದಳು.

ಎರ್ಮೆಸ್ ಕಾರಿನ ಪಕ್ಕ ಸ್ಟೂಲಿನ ಮೇಲೆ ಕುಳಿತ. ಹೌದು ಎಂದರೆ ಮಾಡು ರಿಪೇರಿಯಾಗುತ್ತದೆ, ಭಾನುವಾರಗಳು ಉಳಿಯುತ್ತವೆ. ಎರಡಕ್ಷರದ ಮಾತು. ಜಗತ್ತಿನ ದಣಿವನ್ನೆಲ್ಲ ಒಟ್ಟು ಮಾಡಿ ಮೂಟೆ ಕಟ್ಟಿ ಅವನ ಹೆಗಲಿಗೇ ಹೇರಿದ್ದರು ಎಂದರೆ ನಾನು ಕಡಿಮೆಯೇ ಹೇಳಿದಂತೆ.

ಫೋನ್ ಬಂತು. ಡೆಲ್ಮಿನಾ ಸೌಟು ಹಿಡಿದೇ ಓಡಿ ಬಂದು ಅದನ್ನು ಎರ್ಮೆಸನ ಕೈಗಿಟ್ಟಳು.

“ನಮಸ್ಕಾರ ಸಾಹೇಬ್ರೇ. ಹೂಂ, ನೋಡ್ದೆ. ಚಾಸಿ ಅಸಲಿ, ಎಂಜಿನ್ ಅಸಲಿ, ಎಡ ಮಗ್ಗುಲೂ ಅಸಲಿ.” ಅವನ ಕಣ್ಣು ಡೆಲ್ಮಿನಾಳ ಕೈಗೆ ಹೋಯಿತು. ಸೌಟಿನಿಂದ ಸಾರು ಹನಿ ಹನಿ ನೆಲಕ್ಕೆ ಬೀಳುತ್ತಿತ್ತು. “ಬಲ ಮಗ್ಗುಲು ಆಮೇಲೆ ಮಾಡಿದ್ದು. ಮಾಡಿದವ್ನು ಅದೇ ಕಾರ್ಖಾನೆಯವ್ನೇ, ನೇವಿಯೋ. ಅವನಷ್ಟು ಚೆನ್ನಾಗಿ ತಗಡು ಬಡಿಯೋನು ಹುಟ್ಟಿಲ್ಲ. ಇಲ್ಲ, ಪೂರ್ತಿ ಅಸಲಿ ಅನ್ನೋಕಾಗಲ್ಲ.”

ಫೋನ್ ಇಟ್ಟ.

“ಏನಂದ?”

“ಯೋಚ್ನೆ ಮಾಡ್ತೀನಿ ಅಂದ.”

ಅಂದರೆ ಏನೆಂದು ಮೊದೆನಾದ ಬೆಕ್ಕುಗಳಿಗೂ ಗೊತ್ತು.

“ಒಂದು ಸಲ ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಡೆಲ್ಮಿನಾ ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಸುಳ್ಳು ಹೇಳೋಕೂ ತ್ರಾಣ ಬೇಕು ಡೆಲ್ಮಿನಾ. ಹೇಳಿದ್ಮೇಲೆ ಸಾಯೋ ತನಕ ಅದನ್ನ ಕಾಯ್ಬೇಕು. ನನ್ನ ಕೈಲಾಗಲ್ಲ.”

“ನಾಲ್ಕು ಚಳಿಗಾಲ ಬೆನ್ನು ಮುರ್ಕೊಂಡ್ರು ಅವ್ರು.”

“ಅದಕ್ಕೇ. ಆ ಕೆಲಸನ ಒರೆಸ್ತೆ ಹೆಸರಲ್ಲಿ ಮಾರ್ಲಾ?”

ಅವಳು ಬಲ ಮಡ್‌ಗಾರ್ಡಿನ ಮೇಲೆ ಒಮ್ಮೆ ಅಂಗೈ ಎಳೆದಳು. ಆಮೇಲೆ ಹೊದಿಕೆ ಎಳೆದು ಮುಚ್ಚಿದಳು.

“ಬೇಯ್ಸಿದೀನಿ, ಉಂಡು ಹೋಗು. ಮುಂದಿನ ಭಾನುವಾರ ಬರ್ಬೇಡ.”

ಎರ್ಮೆಸ್ ತಲೆಯಾಡಿಸಿ ಒಳಗೆ ಹೋಗಿ ಕುಳಿತ. ಇಬ್ಬರೂ ಉಂಡರು. ಬಟ್ಟಲು ಖಾಲಿಯಾದಾಗ ಅವನು ಸಂಕೋಚವಿಲ್ಲದೆ ಅದನ್ನು ಮುಂದೆ ಚಾಚಿದ.

“ಇನ್ನೊಂದು ಸೌಟು ಹಾಕು.”

ಡೆಲ್ಮಿನಾ ಅವನ ಮುಖ ನೋಡದೆ, ತಳ ಕದಡಿ, ಬಟ್ಟಲು ತುಂಬ ಹಾಕಿದಳು.