ಎರಡು ಓಣಿ, ಎರಡು ಕಮಾನು

ಭರಮಪ್ಪ ಬಸಿಗೆ ಚಹಾ ಸುರುವಿಕೊಂಡು ಎರಡು ಸಲ ಊದಿದ. ಮೇಜಿನ ಮೇಲೆ ಹರಡಿದ್ದ ನಕ್ಷೆಯ ಕಡೆ ಬೆರಳು ತೋರಿಸಿ ನಕ್ಕ.

“ಇದ್ರಾಗ ಒಂದು ಛಲೋ ಐತಿ ನೋಡ್ರಿ ಅಕ್ಬರಸಾಬ್ರ. ಕಮಾನಿಗೆ ಬಾಗಲಾನ ಇರೂದಿಲ್ಲ. ಬಾಗಲಾ ಯಾವ ಕಡೆ ಅನ್ನೂ ಜಗಳಾನೂ ಇಲ್ಲ.”

ಅಕ್ಬರಸಾಬರಿಗೂ ನಗು ಬಂತು. ನಗುವ ಮಾತೇ ಅದು. ನಾಲ್ಕು ವರ್ಷದ ಹಿಂದೆ ಅವರ ವಾರ್ಡಿಗೆ ಸಮುದಾಯ ಭವನ ಕಟ್ಟಿಸಲು ಸರಕಾರದ ಅನುದಾನ ಬಂದಿತ್ತು. ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವೆ ಜಾಗವೂ ಇತ್ತು. ಆದರೆ ಭವನದ ಬಾಗಿಲು ತಮ್ಮ ಕಡೆಗೇ ಇರಬೇಕೆಂದು ಮೇಲಿನ ಓಣಿಯ ಪರವಾಗಿ ಭರಮಪ್ಪ, ಕೆಳಗಿನ ಓಣಿಯ ಪರವಾಗಿ ಅಕ್ಬರಸಾಬರು ಹಟ ಹಿಡಿದರು. ಎರಡೂ ಕಡೆ ಬಾಗಿಲು ಇಟ್ಟರಾಯಿತು ಎಂದು ಇಂಜಿನಿಯರು ಹೇಳಿದಾಗ, ಹಾಗಾದರೆ ಮುಂಬಾಗಿಲು ಯಾವುದು, ಹಿತ್ತಲ ಬಾಗಿಲು ಯಾವುದು ಎಂದು ಮತ್ತೆ ಶುರುವಾಯಿತು. ಹಣ ಬ್ಯಾಂಕಿನಲ್ಲೇ ಉಳಿಯಿತು. ಈಗ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಪ್ರಭಂಜನ ಅವರು ಕಡೆಯ ಮಾತು ಹೇಳಿ ಕಳಿಸಿದ್ದರು. ನಾಳೆಯ ಸಭೆಯಲ್ಲಿ ಬೇರೆ ಕಾಮಗಾರಿಗೆ ಠರಾವು ಮಾಡಿದರೆ ಸರಿ, ಇಲ್ಲದಿದ್ದರೆ ಮಾರ್ಚ್ ಮುಗಿಯುತ್ತಲೇ ಹಣ ವಾಪಸ್ಸು.

ಹಣ ಕೈಬಿಟ್ಟು ಹೋಗುತ್ತದೆ ಎಂದಾಗ ಇಬ್ಬರೂ ಒಂದಾದರು. ಓಣಿಗೊಂದು ಕಮಾನು. ಕರೀ ಕಲ್ಲಿನಲ್ಲಿ ಓಣಿಯ ಹಿರಿಯರೆಂದು ಇವರಿಬ್ಬರ ಹೆಸರು.

“ಸೊಸಿ ಸಹಿ ಆತಿಲ್ರಿ?” ಎಂದ ಭರಮಪ್ಪ.

“ಆಗತೈತಿ. ಆಕಿ ಯಾವತ್ತರ ಇಲ್ಲ ಅಂದಾಳೇನು?”

ವಾರ್ಡಿನ ಸದಸ್ಯೆ ಅಕ್ಬರಸಾಬರ ಸೊಸೆ ನಾಜಮೀನ್. ಮಹಿಳಾ ಮೀಸಲಾತಿ ಬಂದಿದ್ದರಿಂದ ಅವರೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಸಭೆಗೆ ಹೋಗಿ ಕೂಡುವವರು ಮಾವ, ಮನೆಗೆ ಬಂದ ಕಾಗದಕ್ಕೆ ಸಹಿ ಹಾಕುವವಳು ಸೊಸೆ. ಒಂದು ವಾರ್ಡಿನ ಸದಸ್ಯರು ಬರೆದು ಕೊಟ್ಟದ್ದಕ್ಕೆ ಉಳಿದವರು ಅಡ್ಡ ಬರುತ್ತಿರಲಿಲ್ಲ. ಹೀಗೇ ನಡೆದುಕೊಂಡು ಬಂದಿತ್ತು. ಅದರಲ್ಲಿ ತಪ್ಪಿದೆ ಎಂದು ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅಕ್ಬರಸಾಬರಿಗಂತೂ ಇಲ್ಲವೇ ಇಲ್ಲ.

ಮನೆಗೆ ಬಂದಾಗ ಹೆಂಡತಿ ಖಾಸಿಂಬಿ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಾಜಮೀನ್ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಡಲು ನಿಂತಿದ್ದಳು. ಅಕ್ಬರಸಾಬರು ಕಾಗದ ಮುಂದೆ ಹಿಡಿದು ಸಹಿಯ ಜಾಗ ತೋರಿಸಿದರು. ಅವಳು ಆ ಜಾಗ ನೋಡಲಿಲ್ಲ. ಮೊದಲ ಸಾಲಿನಿಂದ ಓದತೊಡಗಿದಳು. ಓದಿ ಮುಗಿಸಿ, “ಮಾವಾ, ನಾ ಬ್ಯಾರೆ ಒಂದು ಬರದೀನ್ರಿ” ಎಂದಳು.

“ಏನದು?”

“ಮೆಣಸಿನಕಾಯಿ ಕಣದಾಗ ತೊಟ್ಟು ಬಿಡಸೂ ಹೆಣ್ಮಕ್ಕಳ ಕೂಸುಗಳ್ನ ಮಲಗಸಾಕ ಒಂದು ಖೋಲಿ. ಕೈ ತೊಳಕೊಳ್ಳಾಕ ಒಂದು ಕಟ್ಟಿ, ನಳ. ಜಾಗಾ ಪಂಚಾಯ್ತಿದ ಐತ್ರಿ.”

“ಕಣಾ ನಡಸೂ ವ್ಯಾಪಾರಸ್ಥರು ಕಟ್ಟಿಸ್ಲಿ. ಓಣಿ ರೊಕ್ಕ ಓಣಿಗೆ ಬೀಳಬೇಕು.”

“ವ್ಯಾಪಾರಸ್ಥರಿಗೆ ಕೇಳೀನ್ರಿ. ಮುಂದಿನ ಸುಗ್ಗಿಗೆ ನೋಡೂಣು ಅಂತಾರ. ಹೋದ ವರ್ಷಾನೂ ಹಂಗ ಅಂದಿದ್ರು. ಮತ್ತ ಅಲ್ಲಿ ಕುಂದ್ರೂ ಹೆಣ್ಮಕ್ಕಳು ಯಾವ ಓಣ್ಯಾವ್ರು? ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಎರಡು ಓಣ್ಯಾವ್ರ ಅದಾರ್ರಿ.”

“ಮಂದಿಗೆ ಮಾತು ಕೊಟ್ಟೀನವ್ವಾ ನಾನು. ನಾಲ್ಕ ವರ್ಷ ಭವನ ಭವನ ಅಂತ ಹೇಳೀನಿ. ನಮ್ಮ ಓಣಿ ಹುಲಿಗೆಪ್ಪ ಮಗಳ ಮದುವಿ ಅದರಾಗ ಮಾಡ್ತೀನಿ ಅಂತ ಕುಂತಾನ. ಈಗ ಕಮಾನರ ಆಗದಿದ್ರ ನನ್ನ ಮಾತಿಗೆ ಏನ ಕಿಮ್ಮತ್ತು ಉಳೀತು?”

“ಕಮಾನಿನ ಕೆಳಗ ಮದುವಿ ಮಾಡಾಕ ಬರೂದಿಲ್ಲಲ್ರಿ ಮಾವಾ.”

ಅವಳು ಮೆಲ್ಲಗೇ ಹೇಳಿದ್ದಳು. ಅಕ್ಬರಸಾಬರ ಮುಖ ಬಿಗಿಯಿತು. ಖಾಸಿಂಬಿ ಮೊರದಿಂದ ತಲೆ ಎತ್ತದೆ ಅಂದರು: “ನಿಮ್ಮ ಹೆಸರು ಓದಾಕ ಮಂದಿ ತಲಿ ಮ್ಯಾಲೆತ್ತಬೇಕ್ರಿ. ಓಣಿ ತುಂಬಾ ತೆಗ್ಗು ಅದಾವ. ಬಿದ್ದು ಕಾಲು ಮುರಕೊಂಡಾರು.”

“ನೀ ಸುಮ್ನ ಅಕ್ಕಿ ಆರಸು.”

ನಾಜಮೀನ್ ಕಾಗದವನ್ನು ಮಡಿಚಿ ಅವರ ಕೈಗೇ ಕೊಟ್ಟು, ಕಣದ ಕಡೆ ಹೊರಟುಹೋದಳು. ಸಹಿ ಮಾಡಿರಲಿಲ್ಲ.

ಮಧ್ಯಾಹ್ನದವರೆಗೆ ಅಕ್ಬರಸಾಬರು ಒಳಗೂ ಹೊರಗೂ ಓಡಾಡಿದರು. ಕೊನೆಗೆ, ನಾಲ್ಕು ಮಂದಿ ಹೆಂಗಸರ ಎದುರು ಕೇಳಿದರೆ ಇಲ್ಲ ಅನ್ನಲಾರಳು ಎಂದುಕೊಂಡು, ತಾವೇ ಕಣಕ್ಕೆ ನಡೆದರು.

ಕಣ ಅವರಿಗೆ ಹೊಸದಲ್ಲ. ನಾಲ್ವತ್ತು ವರ್ಷ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗಿದವರು. ಕಂಡ ರಾಶಿಯಿಂದ ಒಂದು ಕಾಯಿ ಎತ್ತುವುದು, ಮುರಿಯುವುದು, ಬೀಜವನ್ನು ಹೆಬ್ಬೆರಳಲ್ಲಿ ತಿಕ್ಕಿ ಮೂಸಿ ನೋಡುವುದು ಕೈಗೆ ಅಂಟಿದ ರೂಢಿ. ಇಂದೂ ಕಣದೊಳಗೆ ಕಾಲಿಡುತ್ತಲೇ ಹಾಗೆ ಮಾಡಿದರು. ಕಾಯಿ ಭಾರೀ ಖಾರದ್ದಿತ್ತು. ಅವರ ಬೆರಳಿಗೆ ಏನೂ ಆಗಲಿಲ್ಲ. ಉರಿ ತಗಲುವುದು ನಿಂತು ಎಷ್ಟೋ ಕಾಲವಾಗಿತ್ತು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ರಾಶಿಗಳಿಂದ ಆಚೆ, ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಗಳಲ್ಲಿ ಕೂಸುಗಳಿದ್ದವು. ಗಾಳಿ ಬೀಸಿದಾಗಲೆಲ್ಲ ಒಂದಲ್ಲ ಒಂದು ಕೂಸು ಕೆಮ್ಮುತ್ತಿತ್ತು. ನಾಜಮೀನ್ ಎಲ್ಲೂ ಕಾಣಲಿಲ್ಲ.

“ನೀರು ತರಾಕ ಹೋಗ್ಯಾಳ್ರಿ ಕಾಕಾ, ಹೋಟೆಲ್ಲಿಗೆ” ಎಂದಳು ಕೆಳಗಿನ ಓಣಿಯ ಖುಷ್ಬೂ. ಅಷ್ಟರಲ್ಲಿ ಅವಳ ಕೂಸು ಎದ್ದು ಅಳತೊಡಗಿತು. ಎಂಟು ತಿಂಗಳ ಹೆಣ್ಣುಕೂಸು. ಖುಷ್ಬೂ ಜೋಲಿಯ ತನಕ ಹೋದಳು, ಆದರೆ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ನಿಂತಳು.

“ಕಾಕಾ, ಸ್ವಲ್ಪ ಎತ್ಗೋರಿ. ನನ್ನ ಕೈ ಖಾರ ಅದಾವ. ಎಣ್ಣಿ ಸವರಿ ಮಜ್ಜಿಗ್ಯಾಗ ತೊಳಕೊಂಡು ಬರ್ತೀನಿ. ಹಾಲು ಕುಡಸೂ ಹೊತ್ತಾಗೇತಿ.”

ಅಕ್ಬರಸಾಬರು ಕಾಗದವನ್ನು ಕಿಸೆಗೆ ತುರುಕಿ ಕೂಸನ್ನು ಎತ್ತಿಕೊಂಡರು. ಮೊಮ್ಮಕ್ಕಳನ್ನು ಆಡಿಸಿದ ಕೈ. ಹೆಗಲಿಗೆ ಹಾಕಿ ತಟ್ಟಿದರು, “ಅಳಬಾರ್ದು ಬೇಟಾ” ಅಂದರು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಹೆಬ್ಬೆರಳಿನಿಂದ ಒರೆಸಿದರು.

ಕೂಸು ಒಂದು ಕ್ಷಣ ಉಸಿರೇ ಎತ್ತಲಿಲ್ಲ. ಆಮೇಲೆ ಚೀರಿತು. ಅಂಥ ಚೀರು ಅಕ್ಬರಸಾಬರು ಕೇಳಿರಲಿಲ್ಲ. ಅದು ಮುಖವನ್ನು ಅವರ ಅಂಗಿಗೆ ತಿಕ್ಕಿತು, ಕಾಲು ಝಾಡಿಸಿತು. ಹತ್ತು ಹೆಂಗಸರು ಎದ್ದು ಓಡಿ ಬಂದರು, ಆದರೆ ಒಬ್ಬಳೂ ಮುಟ್ಟಲಿಲ್ಲ. ಎಲ್ಲರ ಕೈಯೂ ಖಾರ. ಮರದ ಬುಡದ ಕೊಡದಲ್ಲಿ ತಳಕ್ಕೂ ನೀರಿರಲಿಲ್ಲ.

“ನೀರು! ಯಾರರ ನೀರು ತರ್ರೆವಾ!”

ನಾಜಮೀನ್ ರಸ್ತೆ ದಾಟಿ ಬರುತ್ತಿದ್ದವಳು ಚೀರು ಕೇಳಿ ಓಡಿದಳು. ಬಕೆಟ್ಟಿನ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಹೋಟೆಲ್ಲಿನಲ್ಲಿ ಕೈ ತೊಳೆದುಕೊಂಡೇ ಬಂದಿದ್ದ ಅವಳು ಕೂಸನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು, ತಂಬಿಗೆಯಿಂದ ಸಣ್ಣಗೆ ನೀರು ಬಿಡುತ್ತಾ ಕಣ್ಣು ತೊಳೆದಳು. ಬಕೆಟ್ಟು ಮುಗಿಯುತ್ತಲೇ ಇನ್ನೊಂದು ತರಲು ಒಬ್ಬಾಕೆ ಓಡಿದಳು. ಬಹಳ ಹೊತ್ತಿನ ಮೇಲೆ ಕೂಸು ಕೆಂಪಗಾದ ಕಣ್ಣನ್ನು ಸ್ವಲ್ಪವೇ ತೆರೆಯಿತು.

ಖುಷ್ಬೂ ಎಣ್ಣೆ ಕೈಯಲ್ಲೇ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಬೈಯುತ್ತಾಳೆ ಎಂದು ಅಕ್ಬರಸಾಬರು ಕಾದರು. ಅವಳು ಅಂದದ್ದು ಬೇರೆ.

“ಇರ್ಲಿ ಬಿಡ್ರಿ ಕಾಕಾ. ನನ್ನ ಕೈಲೇನೂ ಹಿಂಗ ಆಗತೈತಿ. ವಾರದಾಗ ಒಂದೆರಡು ಸಲ.”

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಮರದ ಬೇರಿನ ಮೇಲೆ ಕುಳಿತು ತಮ್ಮ ಬಲಗೈಯನ್ನು ತಿರುವಿ ನೋಡಿದರು. ಆ ಕೈಯಿಂದ ಎಷ್ಟು ಸಾವಿರ ಚೀಲ ತೂಗಿದ್ದರು! ಆ ಚೀಲಗಳೊಳಗಿನ ಕಾಯಿಯ ತೊಟ್ಟು ಬಿಡಿಸಿದವರು ಆಮೇಲೆ ತಮ್ಮ ಕೂಸನ್ನು ಹೇಗೆ ಮುಟ್ಟಿದರು ಎಂಬುದು ಒಮ್ಮೆಯೂ ಮನಸ್ಸಿಗೆ ಬಂದಿರಲಿಲ್ಲ.

ನಾಜಮೀನ್ ಕೈ ಒರೆಸಿಕೊಳ್ಳುತ್ತಾ ಬಂದಳು. “ಆ ಕಾಗದಕ್ಕ ಬಂದೀರೇನ್ರಿ ಮಾವಾ? ಸಿಟ್ಟಾಗಬ್ಯಾಡ್ರಿ. ನನಗ ಸಹಿ ಮಾಡಾಕ ಆಗೂದಿಲ್ಲ.”

“ನಿಂದು ಕೊಡು. ನಾ ಅದನ್ನ ಓದೇ ಇಲ್ಲ.”

ಅವಳು ಚೀಲದಿಂದ ತೆಗೆದು ಕೊಟ್ಟಳು. ಕನ್ನಡಕ ಏರಿಸಿ ಅವರು ಎರಡು ಸಲ ಓದಿದರು.

“ಟಾಕಿ ಬರದೇ ಇಲ್ಲಲ್ಲ ನೀನು. ನಳಾ ವಾರಕ್ಕೊಮ್ಮೆ ಬರತೈತಿ. ನೀರು ಹಿಡದಿಡಾಕ ಟಾಕಿ ಇಲ್ದ ನಳ ಹಚ್ಚಿ ಏನ ಪೂಜಿ ಮಾಡ್ತಾರ? ಮತ್ತ ಖೋಲಿ ಇಲ್ಲಿ ಬ್ಯಾಡ. ಗಾಳಿ ಈ ಕಡೆಯಿಂದ ಬರತೈತಿ, ಘಾಟು ಎಲ್ಲಾ ಒಳಗ ಹೊಕ್ಕತೈತಿ. ಆ ರಸ್ತೆ ಬಾಜೂಕ ಬರಿ.”

ನಾಜಮೀನ್ ಪೆನ್ನು ತೆಗೆದು ಅಲ್ಲೇ ಬರೆದುಕೊಂಡಳು.

ಮರುದಿನ ಸಭೆಗೆ ಅವಳು ಒಬ್ಬಳೇ ಹೋದಳು. ಅಕ್ಬರಸಾಬರು ಮನೆಯಲ್ಲೇ ಉಳಿದರು, ಆದರೆ ಹತ್ತು ಸಲ ಗಡಿಯಾರ ನೋಡಿದರು. ಮಧ್ಯಾಹ್ನ ತಿರುಗಿ ಬಂದವಳು, “ಠರಾವು ಆತ್ರಿ. ಮೊದಲ ಮೆಲ್ಲಕ ಓದಿದೆ. ಪ್ರಭಂಜನ ಸಾಹೇಬ್ರು ಜೋರಾಗಿ ಓದ್ರಿ ಅಂದ್ರು, ಓದಿದೆ” ಎಂದಳು. ಖಾಸಿಂಬಿ ಅವಳಿಗೆ ನೀರು ಕೊಟ್ಟು ಬೆನ್ನು ಸವರಿದರು.

ಅವಳ ಹಿಂದೆಯೇ ಭರಮಪ್ಪ ಬಂದ. ಹೊಸ್ತಿಲಲ್ಲೇ ನಿಂತು ಕೂಗಾಡಿದ.

“ನಾವಿಬ್ರೂ ಒಂದು ಮಾತಿಗೆ ಬರಾಕ ನಾಲ್ಕ ವರ್ಷ ಹಿಡೀತು. ಒಂದ ದಿನದಾಗ ಕೆಡಿಸಿದ್ರಲ್ರಿ! ಕೆತ್ತೂ ಮನಷ್ಯಾಗ ಹೇಳಿ ಬಂದೇನಿ ನಾನು. ಓಣ್ಯಾಗ ಹೆಂಗ ಮಾರಿ ತೋರಸ್ಲಿ?”

“ಅಕ್ಬರಸಾಬ ಕೈಕೊಟ್ಟ ಅಂತ ಹೇಳ್ರಿ.”

“ಸೊಸಿ ಮಾತು ಕೇಳಿ ಕೆಟ್ಟಾನ ಅಂತೀನಿ!”

“ಆಕಿ ಹೆಸರು ತಗೀಬ್ಯಾಡ್ರಿ. ಬಾಗಲದ ಜಗಳ ಹಚ್ಚಿದವರು ನಾವು. ಆಕಿ ಅಲ್ಲ.”

ಭರಮಪ್ಪ ಗೊಣಗುತ್ತಾ ಇಳಿದುಹೋದ.

ಓಣಿಯಲ್ಲಿ ಮಾತು ಹಬ್ಬಲು ಸಂಜೆಯಾಗಬೇಕಿಲ್ಲ ಎಂದು ಅಕ್ಬರಸಾಬರಿಗೆ ಗೊತ್ತಿತ್ತು. ನಾಳೆ ಕೊಡ ಹೊತ್ತು ಹೋಗುವ ಸೊಸೆಯನ್ನು ಯಾರು ಯಾರು ಏನು ಅನ್ನುತ್ತಾರೆ ಎಂಬುದೂ ಗೊತ್ತಿತ್ತು. ಟೊಪ್ಪಿಗೆ ಹಾಕಿಕೊಂಡು ಹೊರಬಿದ್ದರು. ಮೊದಲು ಹುಲಿಗೆಪ್ಪನ ಮನೆ.

“ಭವನಾನೂ ಇಲ್ಲ, ಕಮಾನೂ ಇಲ್ಲ ಹುಲಿಗೆಪ್ಪ. ಆ ರೊಕ್ಕ ಕಣಕ್ಕ ಹೋತು, ಕೂಸುಗಳ ಖೋಲಿಗೆ. ಭವನದ ಆಸೆ ಹಚ್ಚಿದಾಂವ ನಾನು. ಬೈಯೂದಿದ್ರ ನನಗ ಬೈ.”

ಹುಲಿಗೆಪ್ಪ ಅವರನ್ನು ಒಳಗೆ ಕರೆಯಲಿಲ್ಲ. “ನಿಮ್ಮ ಮಾತು ನಂಬಿ ಇಷ್ಟ ವರ್ಷ ಕಾದೇನಿ. ಮಗಳ ಮದುವಿ ಈಗ ಬಿಸಲಾಗ ಮಾಡ್ಲೇನ್ರಿ?” ಎಂದ. ಆತ ಇನ್ನೂ ನಾಲ್ಕು ಮಾತು ಅಂದ. ಅವರು ಎಲ್ಲ ಮುಗಿಯುವ ತನಕ ನಿಂತು ಕೇಳಿದರು. ಆಮೇಲೆ ಮೆಟ್ಟಿಲು ಇಳಿದು, ಬಾಜೂ ಮನೆಯ ಬಾಗಿಲು ಬಡಿದರು.